ಬೆಂಗಳೂರಿನ ಜೀವವಿಜ್ಞಾನ ಮತ್ತು ಜೀವತಂತ್ರಜ್ಞಾನ: ದೇಶವಿದೇಶಗಳ ಸಹಯೋಗದ ಇತಿಹಾಸ

ಸಸ್ಯ, ಪ್ರಾಣಿ, ಸೂಕ್ಷ್ಮಜೀವಿ ಮತ್ತು ಮಾನವದೇಹಗಳ ಕಾರ್ಯಗಳನ್ನು ಅರಿಯುವ ಶಾಸ್ತ್ರಗಳೂ, ಆ ಅರಿವನ್ನು ಕೃಷಿ, ಆಹಾರ ಮತ್ತು ಔಷಧಗಳ ನಿರ್ಮಾಣಕ್ಕೆ ವಿನಿಯೋಗಿಸುವ ಜೀವತಂತ್ರಜ್ಞಾನವೂ ಬೆಂಗಳೂರಿನಲ್ಲಿ ಅನ್ಯದೇಶಗಳ ವಿದ್ವಾಂಸರ ಹಾಗೂ ಸಂಸ್ಥೆಗಳ ಸಹಯೋಗದಿಂದ ಬೆಳೆದುಬಂದ ಬಗೆ ಈ ಲೇಖನದ ವಿಷಯ. ಬಸವನಗುಡಿಯ ಅಂಚಿನ ಲಾಲ್‌ಬಾಗ್, ಮಲ್ಲೇಶ್ವರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆ, ಉತ್ತರದ ಹೆಬ್ಬಾಳದ ಕೃಷಿಕ್ಷೇತ್ರ ಇವು ಮೂರೂ ಈ ಬೆಳವಣಿಗೆಯ ಪ್ರಾಚೀನ ಕೇಂದ್ರಗಳು. ಹೊರಗಿನಿಂದ ಬಂದ ವಿದ್ಯೆಯು ಇಲ್ಲಿನ ಜನರ ಕಷ್ಟವೊಂದನ್ನು ಎದುರಿಟ್ಟುಕೊಂಡು ದುಡಿದಾಗ, ಮತ್ತು ತನ್ನನ್ನು ಮುಂದುವರಿಸಬಲ್ಲ ಶಿಷ್ಯರನ್ನು ಇಲ್ಲಿಯೇ ಪಡೆದಾಗ, ಸ್ಥಿರವಾದ ಫಲವನ್ನು ಕೊಟ್ಟಿತೆಂಬುದು ಈ ಇತಿಹಾಸವನ್ನು ಆದ್ಯಂತವಾಗಿ ಪರಿಶೀಲಿಸಿದವರಿಗೆ ತೋರಿಬರುತ್ತದೆ.

ಸಸ್ಯವಿನಿಮಯದ ಕಾಲ

1760ರಲ್ಲಿ ಹೈದರಾಲಿಯು ಆರಂಭಿಸಿ, ಟಿಪ್ಪು ಸುಲ್ತಾನನು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ವಿಸ್ತರಿಸಿದ ಲಾಲ್‌ಬಾಗ್ ತೋಟವು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಶಿಕ್ಷಣ ಪಡೆದ ವಿಲಿಯಂ ನ್ಯೂ 1858ರಲ್ಲಿ ಇಲ್ಲಿಗೆ ಬಂದನು. 1874ರಿಂದ 1908ರವರೆಗೆ ಅಧಿಕಾರದಲ್ಲಿದ್ದ ಜಾನ್ ಕ್ಯಾಮರಾನನ ಕಾಲದಲ್ಲಿ ಆರ್ಥಿಕ ಪ್ರಯೋಜನವುಳ್ಳ ಅನೇಕ ಪರದೇಶದ ಸಸ್ಯಗಳು ಇಲ್ಲಿ ಪರೀಕ್ಷಿತವಾಗಿ ರೈತರ ಹೊಲ ಸೇರಿದುವು. ಇಂದು ಬೆಂಗಳೂರಿನ ಸಾಂಬಾರಿಗೆ ಸಹಜವೆನಿಸಿರುವ ಸೀಮೆಬದನೆಕಾಯಿ ಅಮೆರಿಕ ಖಂಡದ ಮೂಲದ್ದು. ಅದನ್ನು ಇಲ್ಲಿ ನೆಲೆಗೊಳಿಸಿದ ಕೀರ್ತಿಯನ್ನು ಕ್ಯಾಮರಾನನಿಗೇ ಸಲ್ಲಿಸುವುದು ವಾಡಿಕೆ. ಅವನ ತರುವಾಯ ಬಂದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ 1932ರವರೆಗೆ ತೋಟವನ್ನು ನೋಡಿಕೊಂಡುದಲ್ಲದೆ, ನಗರದ ಬೀದಿಬೀದಿಗಳಲ್ಲಿ ಋತುವಿಗೊಂದರಂತೆ ಹೂಬಿಡುವ ವೃಕ್ಷಗಳ ಸಾಲುಗಳನ್ನು ನೆಡಿಸಿದನು. ಅವನ ಉತ್ತರಾಧಿಕಾರಿಗಳಾದ ಎಚ್. ಸಿ. ಜವರಾಯರು ಕ್ಯೂ ಉದ್ಯಾನದಲ್ಲಿಯೂ, ಅನಂತರದ ಎಂ. ಎಚ್. ಮರಿಗೌಡರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗ ಮಾಡಿ ಮರಳಿ, ಪರಕೀಯರು ಸ್ಥಾಪಿಸಿದ ವಿದ್ಯೆಯನ್ನು ಕನ್ನಡನಾಡಿನ ತೋಟಗಾರಿಕೆಯಾಗಿ ಪರಿವರ್ತಿಸಿದರು.

ಪ್ಲೇಗು ಮತ್ತು ಸಾರ್ವಜನಿಕ ಆರೋಗ್ಯ

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಪ್ರವೇಶಿಸಿದ ಪ್ಲೇಗು ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1892ರಲ್ಲಿಯೇ ಚಾಮರಾಜಪೇಟೆ ನಿರ್ಮಿತವಾಗಿತ್ತಾದರೂ, ಅಗಲವಾದ ರಸ್ತೆಗಳೂ ಗಾಳಿಬೆಳಕುಗಳೂ ಇರುವ ಮನೆಗಳೇ ಜನರ ಆರೋಗ್ಯಕ್ಕೆ ಆಧಾರವೆಂಬ ನಿಶ್ಚಯದಿಂದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ತ್ವರೆಯಿಂದ ಬೆಳೆದುದು ಈ ಮಹಾಮಾರಿಯ ಅನಂತರವೇ. ರಷ್ಯ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಪಳಗಿ, 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್‌ಕಿನ್ನನ ಲಸಿಕೆ 1898ರಲ್ಲಿ ಹುಬ್ಬಳ್ಳಿಯಲ್ಲಿ ಬೃಹತ್ ಪ್ರಮಾಣದಲ್ಲಿ ಪ್ರಯುಕ್ತವಾಯಿತು. ಬೆಂಗಳೂರಿನಲ್ಲಿ ಪ್ರಾಣಭಯವನ್ನು ಲೆಕ್ಕಿಸದೆ ಪ್ಲೇಗು ಶಿಬಿರಗಳಲ್ಲಿ ದುಡಿದವರಲ್ಲಿ ಡಾ. ಪಿ. ಪಲ್ಪು ಪ್ರಮುಖರು. ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಉದ್ಯೋಗವನ್ನು ಪಡೆಯಲಾರದ ಈ ವೈದ್ಯರಿಗೆ ಮೈಸೂರು ಸಂಸ್ಥಾನವು ಆಶ್ರಯ ನೀಡಿದುದು ಮಾತ್ರವಲ್ಲದೆ, ಉನ್ನತ ಶಿಕ್ಷಣಕ್ಕಾಗಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಿತು.

ಕೃಷಿಶಾಸ್ತ್ರ: ಕೊಳೆರೋಗದಿಂದ ಇಂಡಾಫ್ ರಾಗಿಯವರೆಗೆ

ಕೆನಡಾದಲ್ಲಿ ಜನಿಸಿ, ಜರ್ಮನಿಯ ಗಟಿಂಗೆನ್ನಿನಲ್ಲಿ ಡಾಕ್ಟರೇಟ್ ಪಡೆದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದಾಗ, ಮಲೆನಾಡಿನ ಅಡಿಕೆ ಬೆಳೆಗಾರರು ಮಳೆಗಾಲದ ಕೊಳೆರೋಗದಿಂದ ಕಂಗೆಟ್ಟಿದ್ದರು. ಗೊನೆಗೊನೆಗೂ ಹುಲ್ಲಿನ ಕೊಟ್ಟೆಯನ್ನು ಕಟ್ಟಿ ಮಳೆಯನ್ನು ತಡೆಯುವುದೊಂದೇ ಅವರಿಗಿದ್ದ ಉಪಾಯ. ರೋಗಕ್ಕೆ ಶಿಲೀಂಧ್ರವು ಕಾರಣವೆಂದು ಕೋಲ್ಮನ್ ನಿರ್ಣಯಿಸಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಆವಿಷ್ಕೃತವಾಗಿದ್ದ ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಮುಂಗಾರು ಬಲಗೊಳ್ಳುವ ಮೊದಲೇ ಗೊನೆಗಳ ಮೇಲೆ ಸಿಂಪಡಿಸುವ ಪದ್ಧತಿಯನ್ನು ರೂಢಿಗೆ ತಂದನು. ಫ್ರಾನ್ಸಿನ ಔಷಧ, ಜರ್ಮನಿಯ ವಿದ್ಯೆ, ಕೆನಡಾದ ವಿಜ್ಞಾನಿ, ಮೈಸೂರಿನ ಸರ್ಕಾರ ಇವೆಲ್ಲ ಒಂದು ಅಡಿಕೆಗೊನೆಯ ರಕ್ಷಣೆಗಾಗಿ ಕೂಡಿಬಂದುವು. ಆ ಸಿಂಪಡಣೆ ಶತಮಾನ ಕಳೆದರೂ ಮಲೆನಾಡು ಮತ್ತು ಕರಾವಳಿಗಳ ತೋಟಗಳಲ್ಲಿ ನಿಂತಿಲ್ಲ. ಹೆಬ್ಬಾಳದ ಕೃಷಿಶಾಲೆಯನ್ನು ಕಟ್ಟಿದವರಲ್ಲಿಯೂ ಅವನು ಅಗ್ರಗಣ್ಯನು. ಅಲ್ಲಿನ ಶಿಕ್ಷಣಪರಂಪರೆ ಮುಂದೆ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಾಗ ಅಮೆರಿಕದ ಟೆನೆಸಿ ವಿಶ್ವವಿದ್ಯಾನಿಲಯದ ನೆರವು ದೊರೆಯಿತು.

ಕೃಷಿಯಲ್ಲಿ ಕನ್ನಡಿಗನೊಬ್ಬನು ಸಾಧಿಸಿದ ಅತ್ಯುನ್ನತ ಕಾರ್ಯ ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಸಿ. ಎಚ್. ಲಕ್ಷ್ಮಣಯ್ಯನವರದು. ರಾಗಿಯ ತವರು ಆಫ್ರಿಕದ ಎತ್ತರದ ಪ್ರದೇಶ. ಸಹಸ್ರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ಭಾರತದಲ್ಲಿ ಬೇರೆಯಾಗಿ ಬೆಳೆದ ತಳಿಗಳನ್ನು ಲಕ್ಷ್ಮಣಯ್ಯನವರು ಆಫ್ರಿಕದ ತಳಿಗಳೊಡನೆ ಸಂಕರಗೊಳಿಸಿದರು. ರಾಗಿಯ ಹೂವು ಅತಿ ಸೂಕ್ಷ್ಮವಾದುದರಿಂದಲೂ, ಅದು ಸ್ವಕೀಯ ಪರಾಗಸ್ಪರ್ಶ ಹೊಂದುವುದರಿಂದಲೂ ಈ ಕಾರ್ಯ ಅಸಾಧಾರಣ ತಾಳ್ಮೆಯನ್ನು ಬೇಡುತ್ತಿತ್ತು. ಹೀಗೆ ಜನ್ಮತಾಳಿದ, ಭಾರತ ಮತ್ತು ಆಫ್ರಿಕಗಳ ಹೆಸರನ್ನು ಒಟ್ಟಿಗೆ ಹೊತ್ತ ಇಂಡಾಫ್ ತಳಿಗಳು ಬಯಲುಸೀಮೆಯ ಬಡವನ ಮುದ್ದೆಯ ತಟ್ಟೆಯನ್ನು ತುಂಬಿದುವು. ಅವರನ್ನು ನಾಡು ರಾಗಿ ಲಕ್ಷ್ಮಣಯ್ಯನೆಂದೇ ಕರೆದು ಗೌರವಿಸುತ್ತದೆ.

ಟಾಟಾ ಇನ್‌ಸ್ಟಿಟ್ಯೂಟ್ ಮತ್ತು ಜೀವರಸಾಯನಶಾಸ್ತ್ರ

ಜಮ್‌ಶೆಟ್‌ಜಿ ಟಾಟಾ ಅವರ ದಾನ, ಮೈಸೂರಿನ ಅರಮನೆ ನೀಡಿದ 371 ಎಕರೆ ಭೂಮಿ, ಭಾರತ ಸರ್ಕಾರದ ಸಹಾಯಧನ ಇವುಗಳಿಂದ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ ಮಲ್ಲೇಶ್ವರದ ಜನರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಕೊಳಚೆನೀರಿಗೆ ಗಾಳಿಯೂದಿ ಸೂಕ್ಷ್ಮಜೀವಿಗಳಿಂದಲೇ ಅದನ್ನು ಶುದ್ಧಿಗೊಳಿಸುವ ವಿಧಾನ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡಾಗ ಅದಕ್ಕೆ ಪ್ರೇರಕನಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಇಲ್ಲಿಗೆ ಪ್ರಾಧ್ಯಾಪಕನಾಗಿ ಬಂದನು. 1921ರಲ್ಲಿ ಜೀವರಸಾಯನ ವಿಭಾಗ ಪ್ರತ್ಯೇಕವಾಗಿ ಆರಂಭವಾಯಿತು. ಆ ವಿಭಾಗದ ಪ್ರಾಧ್ಯಾಪಕರಾಗಿದ್ದ ವಿ. ಸುಬ್ರಹ್ಮಣ್ಯನ್ ಅವರೇ 1950ರಲ್ಲಿ ಮೈಸೂರಿನಲ್ಲಿ ಆರಂಭಗೊಂಡ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಪ್ರಥಮ ನಿರ್ದೇಶಕರು. 1933ರಲ್ಲಿ, ಸ್ತ್ರೀಯೆಂಬ ಕಾರಣದಿಂದ ಎದುರಾದ ನಿರಾಕರಣೆಯನ್ನು ದೃಢವಾಗಿ ಪ್ರತಿಭಟಿಸಿ ಈ ವಿಭಾಗದಲ್ಲಿ ಪ್ರವೇಶ ಪಡೆದ ಕಮಲಾ ಭಾಗವತ್, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಇಲ್ಲಿ ಅಭ್ಯಸಿಸಿ, ಅನಂತರ ಕೇಂಬ್ರಿಜ್ಜಿಗೆ ತೆರಳಿ ಸಸ್ಯಕೋಶಗಳಲ್ಲಿ ಸೈಟೋಕ್ರೋಮ್-ಸಿ ಇರುವುದನ್ನು ತೋರಿಸಿ 1939ರಲ್ಲಿ ಡಾಕ್ಟರೇಟ್ ಗಳಿಸಿದರು. ಕಮಲಾ ಸೊಹೊನಿಯೆಂಬ ಹೆಸರಿನಿಂದ ಪ್ರಸಿದ್ಧರಾದ ಈಕೆಯಿಂದಾಗಿ ಸಂಸ್ಥೆಯ ಬಾಗಿಲು ಮುಂದಿನ ಪೀಳಿಗೆಯ ವಿದ್ಯಾರ್ಥಿನಿಯರಿಗೆ ತೆರೆಯಿತು.

1963ರಲ್ಲಿ ಮದರಾಸಿನಲ್ಲಿ ಪ್ರೋಟೀನ್ ಸರಪಣಿಯ ತಿರುವುಗಳಿಗೆ ಇರುವ ಮಿತಿಗಳನ್ನು ನಕ್ಷೆಯಾಗಿ ನಿರೂಪಿಸಿ ವಿಶ್ವಖ್ಯಾತಿ ಪಡೆದ ಜಿ. ಎನ್. ರಾಮಚಂದ್ರನ್ 1971ರಲ್ಲಿ ಇಲ್ಲಿ ಅಣುಜೀವ ಭೌತವಿಜ್ಞಾನ ಘಟಕವನ್ನು ಸ್ಥಾಪಿಸಿದರು. ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಜ್‌ಕಿನ್ನರ ಬಳಗದಲ್ಲಿದ್ದು, 1969ರಲ್ಲಿ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದ ಕಾರ್ಯದಲ್ಲಿ ಭಾಗಿಯಾದ ಎಂ. ವಿಜಯನ್ 1971ರಲ್ಲಿ ಬೆಂಗಳೂರಿಗೆ ಮರಳಿ, ಪ್ರೋಟೀನ್ ಹರಳುಗಳ ಅಧ್ಯಯನವನ್ನು ದೇಶದಲ್ಲಿ ಬೆಳೆಸಿದರು. ಹಣ್ಣುನೊಣಗಳ ನರವ್ಯೂಹವನ್ನು ಕುರಿತು ಅಮೆರಿಕದ ಸೀಮೂರ್ ಬೆಂಜರ್ ಅವರೊಡನೆ 1976ರಲ್ಲಿ ಮಹತ್ತ್ವದ ಪ್ರಬಂಧವನ್ನು ಪ್ರಕಟಿಸಿದ ಒಬೈದ್ ಸಿದ್ದೀಕಿ, 1990ರ ದಶಕದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಇಲ್ಲಿ ನೆಲೆಗೊಳಿಸಿದರು.

ಉದ್ಯಮದ ಉದಯ

ಆಸ್ಟ್ರೇಲಿಯದಲ್ಲಿ ಮದ್ಯತಯಾರಿಕೆಯ ಶಾಸ್ತ್ರವನ್ನು ಕಲಿತು ಬಂದ ಕಿರಣ್ ಮಜುಂದಾರ್ 1978ರಲ್ಲಿ, ಐರ್ಲೆಂಡಿನ ಕಾರ್ಕ್ ನಗರದ ಬಯೋಕಾನ್ ಬಯೋಕೆಮಿಕಲ್ಸ್ ಸಂಸ್ಥೆಯ ಸಹಭಾಗಿತ್ವದಲ್ಲಿ, 10,000 ರೂಪಾಯಿಗಳ ಬಂಡವಾಳದಿಂದ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಇಂಡಿಯವನ್ನು ಆರಂಭಿಸಿದರು. ಪರಂಗಿಹಣ್ಣಿನ ಹಾಲಿನಿಂದ ಪಪೇನ್ ಎಂಬ ಕಿಣ್ವವನ್ನು ತೆಗೆದು ಹೊರದೇಶಗಳಿಗೆ ಕಳುಹಿಸುವುದು ಅದರ ಮೊದಲ ಕಸುಬುಗಳಲ್ಲೊಂದು. ಕಿಣ್ವಗಳಿಂದ ಹುದುಗುವಿಕೆಗೆ, ಹುದುಗುವಿಕೆಯಿಂದ ಔಷಧಕ್ಕೆ ಕ್ರಮವಾಗಿ ಏರಿದ ಈ ಸಂಸ್ಥೆ 2004ರಲ್ಲಿ ಯೀಸ್ಟಿನಲ್ಲಿ ತಯಾರಾದ ಮಾನವ ಇನ್ಸುಲಿನ್ನನ್ನೂ, 2006ರಲ್ಲಿ ಕ್ಯೂಬದ ವಿಜ್ಞಾನಿಗಳ ಸಹಯೋಗದಿಂದ ಕ್ಯಾನ್ಸರಿನ ಪ್ರತಿಕಾಯ ಔಷಧವೊಂದನ್ನೂ ಮಾರುಕಟ್ಟೆಗೆ ತಂದಿತು. ಅಮೆರಿಕದ ಮೈಲಾನ್ ಕಂಪನಿಯೊಡನೆ ಬೆಳೆಸಿದ ಸ್ತನಕ್ಯಾನ್ಸರಿನ ಜೈವಿಕ ಔಷಧಕ್ಕೆ 2017ರಲ್ಲಿ ಅಮೆರಿಕದ ಸರ್ಕಾರಿ ಅನುಮತಿ ದೊರೆಯಿತು. ಕರ್ನಾಟಕ ಸರ್ಕಾರವು 2001ರಲ್ಲಿ ಜೀವತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದುದರಿಂದ ಇತರ ಉದ್ಯಮಗಳಿಗೂ ಆಸರೆ ದೊರೆಯಿತು.

ಲಸಿಕೆ ಮತ್ತು ಕ್ಷಯದ ಔಷಧ

1987ರಲ್ಲಿ ಭಾರತ ಮತ್ತು ಅಮೆರಿಕಗಳ ನಡುವೆ ಆರಂಭವಾದ ಲಸಿಕಾ ಸಹಯೋಗದ ಕಾರ್ಯಕ್ರಮದಲ್ಲಿ ಎಳೆಯ ಮಕ್ಕಳ ಭೇದಿಗೆ ಕಾರಣವಾದ ರೋಟಾವೈರಸ್ಸಿನ ಎರಡು ಭಾರತೀಯ ತಳಿಗಳನ್ನು ಪರೀಕ್ಷೆಗೆ ಆರಿಸಲಾಯಿತು. ಒಂದು ದೆಹಲಿಯಲ್ಲಿ ದೊರೆತ 116ಇ. ಇನ್ನೊಂದು, ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಅವರ ಬಳಗವು ಬೆಂಗಳೂರಿನ ನವಜಾತ ಶಿಶುಗಳಲ್ಲಿ ಕಂಡ, ರೋಗವನ್ನುಂಟುಮಾಡದೆ ಇರುತ್ತಿದ್ದ ಐ321. ಬೆಂಗಳೂರಿನ ಈ ತಳಿಯ ವಂಶವಾಹಿಗಳಲ್ಲಿ ಬಹುಪಾಲು ದನಗಳ ವೈರಸ್ಸಿನವು ಆಗಿದ್ದುದು ವಿಜ್ಞಾನಕ್ಕೆ ಹೊಸ ಸಂಗತಿ. ಶಿಶುಗಳ ಮೇಲಿನ ಪರೀಕ್ಷೆಯಲ್ಲಿ 116ಇ ಹೆಚ್ಚಿನ ಪ್ರತಿರಕ್ಷೆಯನ್ನು ಪ್ರಚೋದಿಸಿದುದರಿಂದ ಅದೇ ಮುಂದುವರಿದು, ಹೈದರಾಬಾದಿನಲ್ಲಿ ರೋಟಾವ್ಯಾಕ್ ಲಸಿಕೆಯಾಗಿ, 2016ರಿಂದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನು ಸೇರಿತು. ಎರಡನ್ನೂ ಸಮಾನವಾಗಿ ಪರೀಕ್ಷಿಸಿದುದರಿಂದಲೇ ಆಯ್ಕೆ ವಿಶ್ವಾಸಾರ್ಹವಾದ ಕಾರಣ, ಹಿಂದುಳಿದ ತಳಿಯ ಅಭ್ಯಾಸವೂ ಆ ಲಸಿಕೆಯ ಇತಿಹಾಸದಲ್ಲಿ ಗಣನೀಯ ಸ್ಥಾನಕ್ಕೆ ಅರ್ಹ.

1980ರ ದಶಕದಲ್ಲಿ ಸ್ವೀಡನ್ನಿನ ಆಸ್ಟ್ರಾ ಕಂಪನಿ ಮಲ್ಲೇಶ್ವರದಲ್ಲಿ ಸ್ಥಾಪಿಸಿದ ಸಂಶೋಧನಾಲಯವು, ಮುಂದೆ ಆಸ್ಟ್ರಾಜೆನೆಕದ ಅಂಗವಾಗಿ, ಕ್ಷಯರೋಗದ ಔಷಧಗಳ ಶೋಧಕ್ಕೆ ಮುಡಿಪಾಯಿತು. 2014ರಲ್ಲಿ ಕಂಪನಿಯು ಬೆಂಗಳೂರಿನ ಈ ಸಂಶೋಧನೆಯನ್ನು ನಿಲ್ಲಿಸಿತಾದರೂ, ಇಲ್ಲಿ ರೂಪುಗೊಂಡ ಟಿಬಿಎ-7371 ಎಂಬ ವಸ್ತು ಟಿಬಿ ಅಲಯನ್ಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಹಾಯದಿಂದ ಮನುಷ್ಯರ ಮೇಲಿನ ಪರೀಕ್ಷೆಯ ಹಂತವನ್ನು ತಲುಪಿತು.

ಸಮೀಕ್ಷೆ

ಪರದೇಶದ ಬಂಡವಾಳ ಬರುತ್ತದೆ, ಹಿಂತೆರಳುತ್ತದೆ. ಉಳಿಯುವುದು ತರಬೇತಾದ ಜನ, ನಿಷ್ಠೆಯಿಂದ ನಡೆಯುವ ಪ್ರಯೋಗಶಾಲೆ, ಮತ್ತು ಯಾರ ಕಷ್ಟಕ್ಕಾಗಿ ದುಡಿಯುತ್ತಿದ್ದೇವೆಂಬ ಸ್ಮರಣೆ. ಕೊಳೆರೋಗದ ಔಷಧಿಯೂ ಇಂಡಾಫ್ ರಾಗಿಯೂ ಜನರ ಪಾಲಿಗೆ ದಕ್ಕಿದುದು ಅವು ರೈತನ ಹೊಲದವರೆಗೆ ತಲುಪಿದುದರಿಂದ. ಬೆಂಗಳೂರಿನ ಜೀವತಂತ್ರಜ್ಞಾನವು ಮುಂದೆ ಎಷ್ಟೇ ದೇಶಗಳೊಡನೆ ಒಪ್ಪಂದಗಳನ್ನು ಮಾಡಿಕೊಂಡರೂ, ಈ ನಾಡಿನ ರೋಗಿಗೂ ರೈತನಿಗೂ ಕೈಗೆಟುಕುವ ಬೆಲೆಯಲ್ಲಿ ಅದರ ಫಲ ದೊರೆಯುವುದೇ ಅದರ ಯಶಸ್ಸಿನ ಅಳತೆಯಾಗಬೇಕು. ಮತ್ತು ಆ ವಿದ್ಯೆ ಕನ್ನಡದಲ್ಲಿಯೂ ಬರೆಯಲ್ಪಟ್ಟು, ಕನ್ನಡದ ಮಕ್ಕಳಿಗೆ ತಿಳಿಯುವಂತಾಗಬೇಕು.