ಚಳಿ ಇಳಿಯುವ ಹೊತ್ತಿನ ಕೈತೋಟ

ಚಳಿದೇಶಗಳ ತೋಟಗಾರಿಕೆ ಪುಸ್ತಕಗಳಲ್ಲಿ ಚಳಿಗಾಲದ ಕೊನೆಯೆಂದರೆ ಹೆಪ್ಪುಗಟ್ಟಿದ ಮಣ್ಣು ಸಡಿಲಾಗಲೆಂದು ಕಾಯುವ ಕಾಲ. ಬೆಂಗಳೂರು, ಮೈಸೂರು, ತುಮಕೂರು, ಕೋಲಾರದ ಬಯಲುಸೀಮೆಯಲ್ಲಿ ಲೆಕ್ಕವೇ ಬೇರೆ. ಸಂಕ್ರಾಂತಿ ಕಳೆದ ಮೇಲೂ ಬೆಳಗಿನ ಚಳಿ ಇರುತ್ತದೆ, ಆದರೆ ಮಳೆಯ ಸುಳಿವಿಲ್ಲ, ಗಾಳಿ ದಿನೇದಿನೇ ಒಣಗುತ್ತದೆ. ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಹೊರಟುಹೋಗುತ್ತದೆ ಎನ್ನುವ ಮಾತು ಬಹುಪಾಲು ನಿಜ. ವಸಂತ ಇಲ್ಲಿ ಕೆಲವೇ ವಾರ, ಅದರ ಬೆನ್ನಿಗೇ ಬೇಸಿಗೆ. ಜನವರಿ ಕೊನೆಯಿಂದ ಫೆಬ್ರವರಿವರೆಗಿನ ಕೆಲಸವೆಲ್ಲ ಈ ಎರಡಕ್ಕೂ ಒಟ್ಟಿಗೇ ಮಾಡಿಕೊಳ್ಳುವ ಸಿದ್ಧತೆ.

ಯಾವುದನ್ನು ಸವರಬೇಕು, ಯಾವುದನ್ನು ಬಿಡಬೇಕು

ಕತ್ತರಿ ಹಿಡಿಯುವ ಮುನ್ನ ಗಿಡ ಎಲ್ಲಿ ಹೂ ಬಿಡುತ್ತದೆಂದು ತಿಳಿದಿರಬೇಕು. ಮಲ್ಲಿಗೆ ಹೊಸ ಚಿಗುರಿನಲ್ಲಿ ಮೊಗ್ಗು ಕಟ್ಟುತ್ತದೆ, ಹಾಗಾಗಿ ಸವರಿದಷ್ಟೂ ಲಾಭ. ದುಂಡುಮಲ್ಲಿಗೆಯನ್ನು ಬೆಳೆಗಾರರು ನವೆಂಬರ್ ಕೊನೆಗೆ, ಜಾಜಿಯನ್ನು ಡಿಸೆಂಬರ್ ಕೊನೆಗೆ, ಹಡಗಲಿ ಮಲ್ಲಿಗೆಯ ಜಾತಿಯನ್ನು ಜನವರಿ ಕೊನೆಗೆ ಸವರುವುದುಂಟು. ಮನೆಯಂಗಳದ ದುಂಡುಮಲ್ಲಿಗೆಗೆ ಸಂಕ್ರಾಂತಿಯ ನಂತರ ಕತ್ತರಿ ಹಾಕಿದರೂ ಹೂ ಸ್ವಲ್ಪ ತಡವಾದೀತು, ಅಷ್ಟೆ. ಸವರುವ ಮುನ್ನ ಒಂದೆರಡು ವಾರ ನೀರು ಕಡಿಮೆ ಮಾಡಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿ, ಒಣಗಿದ ಮತ್ತು ರೋಗ ಬಿದ್ದ ಕಡ್ಡಿಗಳನ್ನು ಬುಡದಿಂದಲೇ ತೆಗೆಯಬೇಕು. ಆಮೇಲೆ ಪಾತಿ ಕೆದಕಿ ಕೊಟ್ಟಿಗೆ ಗೊಬ್ಬರ ಬೆರೆಸಿ ನೀರು ಕೊಟ್ಟರೆ ಚಿಗುರು ತಾನಾಗಿ ಬರುತ್ತದೆ.

ಕರಿಬೇವಿನದೂ ಇದೇ ಸ್ವಭಾವ. ಚಳಿಯಲ್ಲಿ ಮಂಕಾಗಿದ್ದ ಗಿಡದ ತುದಿ ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ.

ಮಾವಿನ ವಿಷಯ ಇದಕ್ಕೆ ತದ್ವಿರುದ್ಧ. ಹಿಂದಿನ ಋತುವಿನಲ್ಲಿ ಬಲಿತ ಕೊಂಬೆಯ ತುದಿಯಲ್ಲೇ ಅದರ ಹೂಗೊಂಚಲು ಬರುವುದು. ಈಗ 'ಸ್ವಲ್ಪ ಅಂದ ಮಾಡೋಣ' ಎಂದು ಕೊಂಬೆ ಕಡಿದರೆ ಆ ವರ್ಷದ ಕಾಯಿಯನ್ನೇ ಕಡಿದಂತೆ. ಕೊಯ್ಲು ಮುಗಿದ ಮೇಲೆ ಸವರಲು ಬೇಕಾದಷ್ಟು ಸಮಯವಿದೆ. ಹೂ ಬಿಟ್ಟಿರುವ ನುಗ್ಗೆಯನ್ನೂ ಹಾಗೇ ಬಿಡುವುದು ಜಾಣತನ.

ಮಾವಿನ ಹೂ

ಬಾದಾಮಿಯಿರಲಿ, ರಸಪುರಿಯಿರಲಿ, ಹೂ ಬಿಟ್ಟ ದೊಡ್ಡ ಮರಕ್ಕೆ ನೀರುಣಿಸುವ ಆಸೆಯನ್ನು ತಡೆದುಕೊಳ್ಳಬೇಕು. ಹೂ ಬರುವ ಮುನ್ನ ನೀರು ಹೆಚ್ಚಾದರೆ ಮರ ಹೂವಿನ ಬದಲು ಎಲೆ ಚಿಗುರಿಸುತ್ತದೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ನೀರು ಶುರುಮಾಡಿದರೆ ಉದುರುವುದು ಕಡಿಮೆಯಾಗುತ್ತದೆ. ಗೊಂಚಲಿನ ಮೇಲೆ ಬಿಳಿ ಪುಡಿ ಕಂಡರೆ ಅದು ಬೂದಿರೋಗ, ನೀರಿನಲ್ಲಿ ಕರಗುವ ಗಂಧಕ ಅದಕ್ಕೆ ಹಳೆಯ ಮದ್ದು. ಎಲೆ ಅಂಟಂಟಾಗಿ, ಆಮೇಲೆ ಮಸಿ ಹಿಡಿದಂತಾದರೆ ಜಿಗಿಹುಳುವಿನ ಕೆಲಸ. ಹೂ ಪೂರ್ತಿ ಅರಳಿದಾಗ ಮಾತ್ರ ಕೀಟನಾಶಕ ಹೊಡೆಯಬಾರದು. ಮಾವಿನ ಪರಾಗಸ್ಪರ್ಶ ಮಾಡುವುದು ಜೇನುಹುಳು ಮತ್ತು ನೊಣಗಳು. ಅವು ಸತ್ತರೆ ಹೂವೆಷ್ಟಿದ್ದರೂ ಕಾಯಿ ಕಚ್ಚದು.

ಉದುರಿದ ಎಲೆಯ ಹೊದಿಕೆ

ಫೆಬ್ರವರಿಯಲ್ಲಿ ಹೊಂಗೆ ಎಲೆ ಉದುರಿಸುತ್ತದೆ, ಜನ ಗುಡಿಸಿ ಬೆಂಕಿ ಹಚ್ಚುತ್ತಾರೆ. ಇದರಷ್ಟು ದಡ್ಡತನದ ಕೆಲಸ ಕೈತೋಟದಲ್ಲಿ ಮತ್ತೊಂದಿಲ್ಲ. ಪಾತಿಗೆ ಚೆನ್ನಾಗಿ ನೀರುಣಿಸಿ ಎರಡು ಮೂರು ಅಂಗುಲ ದಪ್ಪ ಒಣಎಲೆ ಹರಡಿದರೆ ಮಣ್ಣಿನ ತೇವ ಆರುವುದು ನಿಧಾನವಾಗುತ್ತದೆ, ಕಳೆ ಏಳುವುದಿಲ್ಲ, ಮುಂಗಾರಿನ ಹೊತ್ತಿಗೆ ಬಹಳಷ್ಟು ಗೊಬ್ಬರವೂ ಆಗಿರುತ್ತದೆ. ಕಾಂಡದ ಸುತ್ತ ಒಂದು ಗೇಣು ಜಾಗ ಬಿಡಬೇಕು. ಅಂಟಿಸಿದರೆ ತೊಗಟೆ ಕೊಳೆಯಬಹುದು, ಗೆದ್ದಲೂ ಹತ್ತೀತು. ತೆಂಗಿನ ನಾರು, ಭತ್ತದ ಹುಲ್ಲು, ಅವರೆ ಬಳ್ಳಿಯ ಉಳಿಕೆ, ಯಾವುದಾದರೂ ಸರಿ. ಬುಡದ ಬೇರನ್ನು ನೆಲದಲ್ಲೇ ಬಿಟ್ಟು ಅವರೆಗಿಡವನ್ನು ಮೇಲೆಯೇ ಕೊಯ್ದರೆ ಬೇರುಗಂಟಿನ ಸಾರಜನಕವೂ ಮಣ್ಣಿಗೇ ಉಳಿಯುತ್ತದೆ.

ಬಿತ್ತನೆ

ಬೆಂಡೆ ಬೀಜಕ್ಕೆ ಬೆಚ್ಚನೆಯ ಮಣ್ಣು ಬೇಕು, ತಣ್ಣನೆಯ ಮಣ್ಣಿನಲ್ಲಿ ಅರ್ಧಕ್ಕರ್ಧ ಮೊಳೆಯದೆ ಹೋಗುತ್ತವೆ. ಫೆಬ್ರವರಿ ಮೊದಲ ವಾರದಲ್ಲಿ ರಾತ್ರಿಯಿಡೀ ನೆನೆಸಿ ಬಿತ್ತಿದರೆ ಯುಗಾದಿಯ ಆಸುಪಾಸಿಗೆ ಕಾಯಿ. ಸೌತೆ, ಹೀರೆ, ಗೋರಿಕಾಯಿ, ದಂಟಿಗೂ ಇದೇ ಕಾಲ. ಕೊತ್ತಂಬರಿ ಬೇಕೆಂದರೆ ಮಧ್ಯಾಹ್ನದ ನೆರಳಿರುವ ಕಡೆ ಬಿತ್ತಬೇಕು, ಬಿಸಿಲಿನಲ್ಲಿ ಬೇಗ ಹೂವಿಗೆ ಬಂದುಬಿಡುತ್ತದೆ.

ಕುಂಡಗಳು

ಬೇರು ಗಿಡಿದು ತುಂಬಿದ ಕುಂಡಗಳ ಗಿಡವನ್ನು ಈಗಲೇ ಬದಲಾಯಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಬೇರು ಅಲುಗಾಡಿಸಿದರೆ ಗಿಡ ಸೊರಗುತ್ತದೆ. ಒಣಹವೆ ಬಂದಂತೆ ದಾಸವಾಳದ ತುದಿಯಲ್ಲಿ ಬಿಳಿ ಹಿಟ್ಟುತಿಗಣೆ ಕಾಣಿಸಿಕೊಳ್ಳುತ್ತದೆ. ಮೊದಲು ನೋಡಬೇಕಾದ್ದು ಇರುವೆಸಾಲನ್ನು, ಏಕೆಂದರೆ ಅದರ ಸಿಹಿರಸಕ್ಕಾಗಿ ಇರುವೆಗಳೇ ಅದನ್ನು ಕಾಯುತ್ತವೆ. ಶುರುವಿನಲ್ಲಾದರೆ ಜೋರಾಗಿ ನೀರು ಹಾಯಿಸಿ ತೊಳೆದರೂ ಸಾಕು. ಮೀರಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ತುಸು ಸಾಬೂನು ಕದಡಿ ಸಂಜೆಯ ಹೊತ್ತು ಸಿಂಪಡಿಸಬೇಕು, ವಾರ ಬಿಟ್ಟು ಮತ್ತೊಮ್ಮೆ.