ಹಗಿಯೊಸ್

ಹಗಿಯೊಸ್ ಎಂಬುದು ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಬರುವ ಒಂದು ಗುಣವಾಚಕ. ಕನ್ನಡದಲ್ಲಿ ಇದನ್ನು ಸಾಮಾನ್ಯವಾಗಿ ಪವಿತ್ರ ಅಥವಾ ಪರಿಶುದ್ಧ ಎಂದು ಅನುವಾದಿಸಲಾಗುತ್ತದೆ. ಹೊಸ ಒಡಂಬಡಿಕೆಯಲ್ಲಿ ಈ ಪದವು ಸುಮಾರು 230 ಬಾರಿ ಬಳಕೆಯಾಗಿದೆ.

ಅರ್ಥ

ಹೀಬ್ರೂ ಭಾಷೆಯ ಕಾದೋಷ್ ಎಂಬ ಪದಕ್ಕೆ ಸಂವಾದಿಯಾಗಿ, ಸೆಪ್ಟುವಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಹಗಿಯೊಸ್ ನೆಲೆಗೊಂಡಿತು. ದೇವರಿಗೆ ಸೇರಿದ್ದು, ದೇವರಿಗಾಗಿ ಬೇರ್ಪಡಿಸಿದ್ದು ಎಂಬುದು ಇದರ ಮುಖ್ಯಾರ್ಥ. ಕೊಳೆಯಿಲ್ಲದ ಎಂಬ ಅರ್ಥಕ್ಕೆ ಗ್ರೀಕಿನಲ್ಲಿ ಕಥರೊಸ್ ಎಂಬ ಬೇರೆಯೇ ಪದವಿದೆ. ಪವಿತ್ರ, ಪರಿಶುದ್ಧ ಎಂಬ ಎರಡು ಪದಗಳೂ ಶುಚಿಗೊಳಿಸು ಎಂಬರ್ಥದ ಸಂಸ್ಕೃತ ಧಾತುಗಳಿಂದ ಬಂದವು. ಆದುದರಿಂದ ಕನ್ನಡ ಓದುಗನ ಮನಸ್ಸು ಕಥರೊಸ್ ಕಡೆಗೆ ವಾಲುವುದು ಸಹಜ. ಮೂಲಾರ್ಥಕ್ಕೆ ಹೆಚ್ಚು ಹತ್ತಿರವಾದುದು ಅಚ್ಚಗನ್ನಡದ ಮೀಸಲು ಎಂಬ ಪದ. ಯಾರೂ ಬಳಸುವ ಮೊದಲೇ ದೇವರಿಗೆಂದು ತೆಗೆದಿಡುವ ಹಾಲು, ಬೆಣ್ಣೆ, ಧಾನ್ಯಗಳನ್ನು ಮೀಸಲು ಎನ್ನುವುದುಂಟು. ಇಂದು ಆ ಪದವು ಮೀಸಲಾತಿಯನ್ನೇ ಮೊದಲು ನೆನಪಿಗೆ ತರುವುದರಿಂದ ಅನುವಾದಕ್ಕೆ ಒದಗಲಾರದು.

ಈ ವ್ಯತ್ಯಾಸವು ಕೇವಲ ನಿಘಂಟಿನ ವಿಷಯವಲ್ಲ. ಪೌಲನು ಕೊರಿಂಥದ ಸಭೆಯವರ ಒಡಕು, ದುರ್ನಡತೆಗಳನ್ನು ಖಂಡಿಸುವ ಪತ್ರದ ಆರಂಭದಲ್ಲಿಯೇ ಅವರನ್ನು ಈ ಪದದ ಬಹುವಚನದಿಂದ ಕರೆದಿದ್ದಾನೆ. ನಿರ್ದೋಷಿಗಳು ಎಂದು ಅರ್ಥೈಸಿದರೆ ಪತ್ರವೇ ವಿಚಿತ್ರವಾಗಿ ತೋರುತ್ತದೆ. ಇಂತಹ ಕಡೆ ಕನ್ನಡ ಸತ್ಯವೇದದಲ್ಲಿ ಕಾಣುವ ದೇವಜನರು ಎಂಬ ಅನುವಾದ ಹೆಚ್ಚು ಸಮರ್ಪಕ.

ರೂಪಗಳು

ಕನ್ನಡದ ಗುಣವಾಚಕವು ಬದಲಾಗದೆ ನಿಲ್ಲುತ್ತದೆ. ಗ್ರೀಕಿನದು ಸಂಸ್ಕೃತದಂತೆ ತಾನು ವಿಶೇಷಿಸುವ ನಾಮಪದದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ಪ್ರಥಮಾ ಏಕವಚನದಲ್ಲಿ ಪುಲ್ಲಿಂಗ ಹಗಿಯೊಸ್, ಸ್ತ್ರೀಲಿಂಗ ಹಗಿಯಾ, ನಪುಂಸಕಲಿಂಗ ಹಗಿಯೊನ್. ಬಹುವಚನದಲ್ಲಿ ಕ್ರಮವಾಗಿ ಹಗಿಯೊಯ್, ಹಗಿಯಯ್, ಹಗಿಯ. ಷಷ್ಠೀ ಏಕವಚನವು ಪುಲ್ಲಿಂಗ ಮತ್ತು ನಪುಂಸಕಲಿಂಗಗಳಲ್ಲಿ ಹಗಿಯೂ, ಸ್ತ್ರೀಲಿಂಗದಲ್ಲಿ ಹಗಿಯಾಸ್. ಒಳ್ಳೆಯ ಎಂಬರ್ಥದ ಅಗಥೊಸ್ ಪದದ ಸ್ತ್ರೀಲಿಂಗ ಅಗಥೇ ಎಂದಾದರೆ, ಇಲ್ಲಿ ಅಂತ್ಯಕ್ಕೆ ಮುಂಚೆ ಇಕಾರವಿರುವುದರಿಂದ ಆಕಾರವೇ ಉಳಿಯುತ್ತದೆ. ಆತ್ಮ ಎಂಬರ್ಥದ ಪ್ನ್ಯೂಮ ನಪುಂಸಕಲಿಂಗವಾದ್ದರಿಂದ ಪವಿತ್ರಾತ್ಮವು ಪ್ನ್ಯೂಮ ಹಗಿಯೊನ್. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ದಾರ ಶಬ್ದ ಪುಲ್ಲಿಂಗವಾಗಿರುವುದನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ತಮಾರ್ಥ ರೂಪವಾದ ಹಗಿಯೋತತೊಸ್ ಹೊಸ ಒಡಂಬಡಿಕೆಯಲ್ಲಿ ಯೂದನ ಪತ್ರಿಕೆಯ 20ನೇ ವಚನದಲ್ಲಿ ಮಾತ್ರ ದೊರೆಯುತ್ತದೆ.

ಬೆಂಗಳೂರಿನಲ್ಲಿ

ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿರುವ, 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಬೈಬಲಿನ ಗ್ರೀಕ್ ಕಲಿಸಲಾಗುತ್ತದೆ. ಪದವು ಮಾತ್ರ ಬೀದಿಯಲ್ಲಿಯೇ ಇದೆ: ಹಲಸೂರಿನ ಸಮೀಪದ ಹೋಲಿ ಟ್ರಿನಿಟಿ ಚರ್ಚಿನ ಹೋಲಿ, ಶಿವಾಜಿನಗರದ ಸೇಂಟ್ ಮೇರಿಸ್ ಬಸಿಲಿಕಾದ ಸೇಂಟ್, ಎರಡೂ ಗ್ರೀಕಿನಲ್ಲಿ ಇದೊಂದೇ ಗುಣವಾಚಕ.