ಮಾಗಿಯ ಎರಡು ಹಬ್ಬಗಳು

ಯೆಹೂದ್ಯರ ಪಂಚಾಂಗ ಚಾಂದ್ರಮಾನದ್ದು. ಋತುಗಳೊಡನೆ ಹೊಂದಿಕೆ ತಪ್ಪದಿರಲೆಂದು ಹತ್ತೊಂಬತ್ತು ವರ್ಷಗಳಲ್ಲಿ ಏಳು ಬಾರಿ ಅಧಿಕಮಾಸವನ್ನು ಸೇರಿಸಿಕೊಳ್ಳುವಂಥದು. ನಮ್ಮ ಪಂಚಾಂಗವನ್ನು ಬಲ್ಲವರಿಗೆ ಈ ಏರ್ಪಾಡು ಹೊಸತೆನಿಸದು. ಅವರ ಕಿಸ್ಲೇವ್ ಮಾಸದ 25ನೆಯ ದಿನ ಮೊದಲಾಗುವ ಹನುಕ್ಕಾ ಹಬ್ಬವು ಈ ಕಾರಣದಿಂದ ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಹಿಂದುಮುಂದಾಗುತ್ತಿರುತ್ತದೆ. 2005ರಲ್ಲಿ, ಅನಂತರ ಒಂದು ಚಕ್ರ ಪೂರ್ತಿಯಾಗಿ 2024ರಲ್ಲಿ, ಅದರ ಮೊದಲ ದೀಪವನ್ನು ಹಚ್ಚಿದ್ದು ಡಿಸೆಂಬರ್ 25ರ ಸಂಜೆ. ಇಂಥ ವರ್ಷಗಳಲ್ಲಿ ಹನುಕ್ಕಾ ಮತ್ತು ಕ್ರಿಸ್ಮಸ್‌ಗಳನ್ನು ಅವಳಿಜವಳಿಗಳೆಂಬಂತೆ ಬಣ್ಣಿಸುವವರಿದ್ದಾರೆ. ಚಳಿಗಾಲ, ಕತ್ತಲು, ಬೆಳಕು ಎಂಬ ಮೂರು ಮಾತುಗಳಲ್ಲಿ ಎರಡನ್ನೂ ಮುಗಿಸಿಬಿಡುವುದು ಸುಲಭ. ಆದರೆ ಹಾಗೆ ಮುಗಿಸಿದವರು ಎರಡನ್ನೂ ಅರಿತಂತಾಗಲಿಲ್ಲ ಎಂದೇ ನನ್ನ ಭಾವನೆ.

ಹನುಕ್ಕಾ ಎಂದರೆ ಪ್ರತಿಷ್ಠೆ, ಸಮರ್ಪಣೆ. ಸೆಲ್ಯೂಸಿಡ್ ವಂಶದ ನಾಲ್ಕನೆಯ ಆಂಟಿಯೋಕಸ್ ಕ್ರಿ.ಪೂ. 167ರಲ್ಲಿ ಜೆರೂಸಲೇಮಿನ ದೇವಾಲಯದಲ್ಲಿ ಗ್ರೀಕ್ ದೇವತೆಯ ಆರಾಧನೆಯನ್ನು ನಡೆಸಿದ. ಸುನ್ನತಿಯನ್ನೂ ಸಬ್ಬತ್ ದಿನದ ಆಚರಣೆಯನ್ನೂ ನಿಷೇಧಿಸಿದ. ಮತ್ತತೀಯನೆಂಬ ಪುರೋಹಿತನೂ ಅವನ ಮಕ್ಕಳೂ ದಂಗೆಯೆದ್ದರು. ಮಗ ಯೂದಾ ಮಕ್ಕಾಬಿ ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಶುದ್ಧಿಗೊಳಿಸಿ ಮರಳಿ ಪ್ರತಿಷ್ಠೆ ಮಾಡಿಸಿದ. ಇದನ್ನು ಪರಕೀಯ ದೊರೆಗೂ ದೇಶೀಯ ಪ್ರಜೆಗಳಿಗೂ ನಡೆದ ಕದನವೆಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಜೆರೂಸಲೇಮಿನಲ್ಲಿ ಗ್ರೀಕ್ ಮಾದರಿಯ ವ್ಯಾಯಾಮಶಾಲೆಯನ್ನು ತೆರೆಸಿದವನು ಜೇಸನ್ ಎಂಬ ಗ್ರೀಕ್ ಹೆಸರನ್ನು ಇಟ್ಟುಕೊಂಡಿದ್ದ ಯೆಹೂದ್ಯ ಮಹಾಯಾಜಕನೇ. ಲೋಕದ ನಾಗರಿಕತೆಯಲ್ಲಿ ಬೆರೆಯಬೇಕೆ, ಬೆರೆತರೆ ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆ ಮನೆಯೊಳಗಿನ ಜಗಳವೂ ಆಗಿತ್ತು.

ಈ ಚರಿತ್ರೆಯನ್ನು ಹೇಳುವ ಮಕ್ಕಾಬಿಯರ ಗ್ರಂಥಗಳು ಹೀಬ್ರೂ ಬೈಬಲಿನಲ್ಲಿ ಸೇರಲಿಲ್ಲ. ಅವು ಉಳಿದುಬಂದದ್ದು ಗ್ರೀಕ್ ಭಾಷೆಯಲ್ಲಿ, ಕ್ರೈಸ್ತರ ಕೈಯಲ್ಲಿ! ಯೆಹೂದ್ಯರ ಹಬ್ಬದ ಮೂಲಕಥೆ ಕ್ಯಾಥೊಲಿಕರ ಬೈಬಲಿನಲ್ಲಿದೆ. ಇನ್ನೂ ಒಂದು ಸೋಜಿಗವುಂಟು. ಒಂದು ದಿನಕ್ಕೆ ಸಾಲುವಷ್ಟು ಎಣ್ಣೆ ಎಂಟು ದಿನ ಉರಿಯಿತೆಂಬ ಪವಾಡವೇ ಇಂದು ಎಲ್ಲರ ಬಾಯಲ್ಲಿರುವುದು. ಮಕ್ಕಾಬಿಯರ ಗ್ರಂಥಗಳಲ್ಲಿ ಆ ಪವಾಡದ ಸುದ್ದಿಯೇ ಇಲ್ಲ. ಅದು ಕಾಣಿಸಿಕೊಳ್ಳುವುದು ಬ್ಯಾಬಿಲೋನಿನ ತಾಲ್ಮೂದಿನಲ್ಲಿ, ಘಟನೆ ನಡೆದು ಆರು ಶತಮಾನಗಳಿಗೂ ಹೆಚ್ಚು ಕಾಲವಾದ ಮೇಲೆ ಸಂಕಲನಗೊಂಡ ಗ್ರಂಥದಲ್ಲಿ. ರಬ್ಬಿಗಳು ಯುದ್ಧವನ್ನು ಹಿಂದಕ್ಕೆ ಸರಿಸಿ ದೀಪವನ್ನು ಮುಂದಕ್ಕೆ ತಂದರು. ಏಕೆ? ಮಕ್ಕಾಬಿಯರ ವಂಶವೇ ರಾಜರಾಗಿ ಏನು ಮಾಡಿತೆಂಬುದನ್ನು ಅವರು ಬಲ್ಲವರಾಗಿದ್ದರು. ಬಲಾತ್ಕಾರದ ಮತಾಂತರಕ್ಕೆ ಸಿಡಿದೆದ್ದವರ ಮೊಮ್ಮಗ ಯೋಹಾನ ಹಿರ್ಕಾನಸ್ ನೆರೆಯ ಇದೂಮಿಯರನ್ನು ಬಲಾತ್ಕಾರದಿಂದ ಯೆಹೂದ್ಯರನ್ನಾಗಿಸಿದ. ಅದೇ ವಂಶದ ಅಣ್ಣತಮ್ಮಂದಿರ ಕಾದಾಟದ ನಡುವೆ ಕ್ರಿ.ಪೂ. 63ರಲ್ಲಿ ರೋಮಿನ ಪಾಂಪಿ ಜೆರೂಸಲೇಮನ್ನು ಹೊಕ್ಕ. ಗೆದ್ದವರ ಕತ್ತಿಯನ್ನು ಹಾಡಿ ಹೊಗಳಲು ರಬ್ಬಿಗಳಿಗೆ ಮನಸ್ಸಾಗದಿದ್ದರೆ ಅಚ್ಚರಿಯಿಲ್ಲ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಜಿಯೋನ್‌ವಾದಿಗಳು ಕತ್ತಿಯನ್ನು ಮತ್ತೆ ಮುನ್ನೆಲೆಗೆ ತಂದದ್ದು ಬೇರೆಯ ಮಾತು.

ದೀಪದ ವಿಷಯದಲ್ಲಿ ರಬ್ಬಿಗಳು ಮಾಡಿದ ಕಟ್ಟಳೆಗಳು ನನಗೆ ಬಹು ಅರ್ಥಗರ್ಭಿತವಾಗಿ ತೋರುತ್ತವೆ. ಮೊದಲ ದಿನ ಎಂಟು ದೀಪ ಹಚ್ಚಿ ದಿನಕ್ಕೊಂದರಂತೆ ಇಳಿಸಿರೆಂದಿತು ಶಮ್ಮಾಯಿಯ ಪಂಥ. ಒಂದರಿಂದ ಆರಂಭಿಸಿ ಎಂಟಕ್ಕೆ ಏರಿರಿ, ಪವಿತ್ರವಾದದ್ದರಲ್ಲಿ ಏರಿಕೆಯೇ ತಕ್ಕುದೆಂದಿತು ಹಿಲ್ಲೇಲನ ಪಂಥ. ಉಳಿದದ್ದು ಹಿಲ್ಲೇಲನ ಕ್ರಮ. ಈ ಬೆಳಕಿನಲ್ಲಿ ಓದಬಾರದು, ಹಣ ಎಣಿಸಬಾರದು, ಅದನ್ನು ಯಾವ ಉಪಯೋಗಕ್ಕೂ ತರಬಾರದು. ಸುಮ್ಮನೆ ನೋಡಬೇಕು. ದೀಪವನ್ನಿಡುವುದು ಮನೆಯ ಬಾಗಿಲ ಹೊರಗೆ, ಇಲ್ಲವೆ ಬೀದಿಗೆ ಕಾಣುವ ಕಿಟಕಿಯಲ್ಲಿ. ಪವಾಡವನ್ನು ಲೋಕಕ್ಕೆ ಸಾರುವುದೇ ಅದರ ಉದ್ದೇಶ. ಅಪಾಯದ ಕಾಲವಾದರೆ ಮನೆಯೊಳಗೆ ಮೇಜಿನ ಮೇಲಿಟ್ಟರೂ ಸಾಕು. ಈ ಕೊನೆಯ ಮಾತಿಗೆ ಮತ್ತೆ ಬರುತ್ತೇನೆ.

ಕ್ರಿಸ್ಮಸ್ಸಿನ ಕಥೆ ಬೇರೆ ಬಗೆಯದು. ಯೇಸು ಹುಟ್ಟಿದ ದಿನವನ್ನು ಯಾವ ಸುವಾರ್ತೆಯೂ ತಿಳಿಸುವುದಿಲ್ಲ. ಡಿಸೆಂಬರ್ 25ರಂದು ಈ ಹಬ್ಬ ನಡೆಯುತ್ತಿತ್ತೆಂಬುದಕ್ಕೆ ಸಿಗುವ ಹಳೆಯ ದಾಖಲೆ ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗ. ಚಕ್ರವರ್ತಿ ಆರೇಲಿಯನ್ 274ರಲ್ಲಿ ಅಜೇಯ ಸೂರ್ಯನಿಗೆ ಗುಡಿ ಕಟ್ಟಿಸಿದ್ದ. ಆ ಸೂರ್ಯನ ಹಬ್ಬವನ್ನೇ ಕ್ರೈಸ್ತರು ತಮ್ಮದಾಗಿಸಿಕೊಂಡರೆಂದು ಕೆಲವು ವಿದ್ವಾಂಸರ ಮತ. ಮಾರ್ಚ್ 25 ಯೇಸುವಿನ ಗರ್ಭಾಂಕುರದ ದಿನವೆಂದು ನಂಬಿ ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆಂದು ಇನ್ನು ಕೆಲವರ ಮತ. ಆರ್ಮೀನಿಯದ ಪ್ರಾಚೀನ ಸಭೆ ಇಂದಿಗೂ ಜನವರಿ 6ರಂದೇ ಆಚರಿಸುತ್ತದೆ. ದಿನಾಂಕದ ಚರ್ಚೆ ಇಷ್ಟು ಸಾಕು.

ಹಬ್ಬದ ತಿರುಳಿರುವುದು ದೇವರು ಮನುಷ್ಯದೇಹವನ್ನು ತಳೆದನೆಂಬ ನಂಬಿಕೆಯಲ್ಲಿ. ಇದಕ್ಕೆ ನಾವು ಅವತಾರವೆಂಬ ಪದವನ್ನು ಬಳಸುವಾಗ ತುಸು ಎಚ್ಚರ ಬೇಕು. ಕ್ರೈಸ್ತರ ಪಾಲಿಗೆ ಅದು ಯುಗಯುಗದಲ್ಲಿ ಮರಳಿ ನಡೆಯುವ ಸಂಗತಿಯಲ್ಲ. ಒಮ್ಮೆ, ಒಂದೇ ಒಮ್ಮೆ, ರೋಮನ್ ಚಕ್ರವರ್ತಿಯ ಆಳ್ವಿಕೆಯ ಒಂದು ಪ್ರಾಂತದಲ್ಲಿ, ಹಸಿವು ಸಾವುಗಳುಳ್ಳ ನಿಜವಾದ ಮೈಯಲ್ಲಿ ನಡೆದದ್ದು. ಲೂಕನ ಸುವಾರ್ತೆಯಂತೆ ಆ ಶಿಶುವಿಗೆ ತಂಗಲು ಎಡೆ ದೊರೆಯದೆ ಅದನ್ನು ಗೋದಲಿಯಲ್ಲಿ ಮಲಗಿಸಿದರು. ಸುದ್ದಿ ಮೊದಲು ಮುಟ್ಟಿದ್ದು ಕುರುಬರಿಗೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ ಎತ್ತು ಕತ್ತೆ ಹುಲ್ಲುಗಳೊಡನೆ ಗೋದಲಿಯನ್ನು ಏರ್ಪಡಿಸಿದ್ದು ಈ ಬಡತನವನ್ನು ಜನ ಕಣ್ಣಾರೆ ಕಾಣಲೆಂದು.

ಕ್ರಿಸ್ಮಸ್ಸನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಂಡವರೇ ಅದನ್ನು ನಿಷೇಧಿಸಿದರೆಂಬುದು ಚರಿತ್ರೆಯ ಒಂದು ವಿನೋದ. ಬೈಬಲಿನಲ್ಲಿ ಆಧಾರವಿಲ್ಲ, ಕುಡಿತ ಕುಣಿತಗಳಿಗೆ ನೆಪ ಎಂದು ಪ್ಯೂರಿಟನ್ನರ ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಹಬ್ಬವನ್ನು ರದ್ದುಗೊಳಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಹಬ್ಬ ಆಚರಿಸಿದವರಿಗೆ ಐದು ಷಿಲಿಂಗ್ ದಂಡವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬ ಮರಳಿ ಬಂದಾಗ ಮರ, ಮಕ್ಕಳು, ಉಡುಗೊರೆ, ಅಂಗಡಿ ಎಲ್ಲವೂ ಜೊತೆಗೂಡಿ ಬಂದವು. ಯೆಹೂದ್ಯ ಮಕ್ಕಳು ನೆರೆಮನೆಯ ಮರವನ್ನು ಆಸೆಗಣ್ಣಿನಿಂದ ನೋಡುತ್ತಿದ್ದರು. ಸಣ್ಣ ಹಬ್ಬವಾಗಿದ್ದ ಹನುಕ್ಕಾ ಅಮೆರಿಕದಲ್ಲಿ ಬರಬರುತ್ತ ದೊಡ್ಡ ಹಬ್ಬವಾಯಿತು. ಬೆರೆತು ಕರಗಲು ಒಲ್ಲೆವೆಂದವರ ನೆನಪಿನ ಹಬ್ಬವೇ ಬೆರೆಯುವುದಕ್ಕೆ ದಾರಿಯಾದದ್ದು ಎಂಥ ವಿಪರ್ಯಾಸ!

ಇಂದಿನ ಅರ್ಥವೇನೆಂದು ಕೇಳುವವರು ಆ ದೇಶದ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ನೋಡಬೇಕು. ರೋಡ್ ಐಲೆಂಡಿನ ಪಾಟಕೆಟ್ ನಗರಾಡಳಿತ ಗೋದಲಿಯೊಂದನ್ನು ಸ್ಯಾಂಟಾಕ್ಲಾಸ್, ಹಿಮಸಾರಂಗಗಳ ನಡುವೆ ಇರಿಸುತ್ತಿತ್ತು. 1984ರಲ್ಲಿ ಐವರು ನ್ಯಾಯಮೂರ್ತಿಗಳು ನಾಲ್ವರ ವಿರುದ್ಧ ಅದಕ್ಕೆ ಸಮ್ಮತಿಯಿತ್ತರು. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ತಮ್ಮ ಭಿನ್ನಮತದಲ್ಲಿ, ಗೋದಲಿಯು ವ್ಯಾಪಾರಕ್ಕೆ ಒದಗುವ, ಸ್ವಂತ ಅರ್ಥವನ್ನು ಕಳೆದುಕೊಂಡ ವಸ್ತುವಾಯಿತೆಂಬ ಆಕ್ಷೇಪವೆತ್ತಿದರು. 1989ರಲ್ಲಿ ಪಿಟ್ಸ್‌ಬರ್ಗಿನ ಮೊಕದ್ದಮೆ ಬಂದಿತು. ನ್ಯಾಯಾಲಯದ ಕಟ್ಟಡದಲ್ಲಿ ಒಂಟಿಯಾಗಿ ಇಟ್ಟಿದ್ದ ಗೋದಲಿ ಸಂವಿಧಾನಬಾಹಿರವೆನಿಸಿತು. ಇನ್ನೊಂದು ಸರ್ಕಾರಿ ಕಟ್ಟಡದೆದುರು 45 ಅಡಿಯ ಕ್ರಿಸ್ಮಸ್ ಮರದ ಪಕ್ಕದಲ್ಲಿದ್ದ 18 ಅಡಿಯ ಹನುಕ್ಕಾ ದೀಪಸ್ತಂಭ ಉಳಿಯಿತು. ಮರದ ಜೊತೆಯಲ್ಲಿ ಅದು ಚಳಿಗಾಲದ ಲೌಕಿಕ ಸಂಭ್ರಮದ ಅಂಗವೆಂಬ ಅಭಿಪ್ರಾಯವನ್ನು ಬರೆದವರು ಅದೇ ಬ್ಲ್ಯಾಕ್‌ಮನ್! ಗೋದಲಿ ಗೋದಲಿಯಾಗಿಯೇ ನಿಂತಿದ್ದರಿಂದ ಹೊರಬಿದ್ದಿತು. ಕಾನೂನಿನ ದೃಷ್ಟಿಯಿಂದ ತೀರ್ಪಿನಲ್ಲಿ ವಿವೇಕವಿರಬಹುದು. ಧರ್ಮದ ದೃಷ್ಟಿಯಿಂದ ನೋಡಿದರೆ ಆ ಮೊಕದ್ದಮೆಯಲ್ಲಿ ಸೋತ ಗೋದಲಿಯೇ ಮರ್ಯಾದೆ ಉಳಿಸಿಕೊಂಡಿತೆಂದು ನಾನು ಹೇಳುತ್ತೇನೆ.

ಅರ್ಥ ಉಳಿದಿರುವುದು ಅಪಾಯವಿರುವ ಕಡೆ. 1993ರ ಡಿಸೆಂಬರಿನಲ್ಲಿ ಮೊಂಟಾನಾದ ಬಿಲ್ಲಿಂಗ್ಸ್ ಪಟ್ಟಣದಲ್ಲಿ ಯೆಹೂದ್ಯ ಬಾಲಕನೊಬ್ಬ ಕಿಟಕಿಯಲ್ಲಿಟ್ಟಿದ್ದ ಹನುಕ್ಕಾ ದೀಪದತ್ತ ಯಾರೋ ಇಟ್ಟಿಗೆ ತೂರಿದರು. ಸ್ಥಳೀಯ ಪತ್ರಿಕೆ ಪುಟದಗಲದ ದೀಪಸ್ತಂಭದ ಚಿತ್ರವನ್ನು ಅಚ್ಚುಹಾಕಿತು. ಕ್ರೈಸ್ತರ ಸಾವಿರಾರು ಮನೆಗಳು ಅದನ್ನು ತಮ್ಮ ಕಿಟಕಿಗೆ ಅಂಟಿಸಿಕೊಂಡವು. ಅಲ್ಲಿ ಯಾರೂ ಎರಡು ಹಬ್ಬಗಳನ್ನು ಬೆರಸಲಿಲ್ಲ. ನೆರೆಯವನ ದೀಪ ನೆರೆಯವನದಾಗಿಯೇ ಇರಲೆಂದು ಕಲ್ಲೇಟಿಗೆ ತಮ್ಮ ಗಾಜನ್ನು ಒಡ್ಡಿದರು.

2023ರ ಹನುಕ್ಕಾ ಡಿಸೆಂಬರ್ 7ರ ಸಂಜೆ ಬಂದಿತು, ಅಕ್ಟೋಬರ್ 7ರ ಹತ್ಯೆಗಳಾಗಿ ಸರಿಯಾಗಿ ಎರಡು ತಿಂಗಳಿಗೆ. ದೀಪವನ್ನು ಕಿಟಕಿಯಲ್ಲಿಡಬೇಕೆ, ಒಳಗಿನ ಮೇಜಿನ ಮೇಲಿಡಬೇಕೆ ಎಂಬ ತಾಲ್ಮೂದಿನ ಹಳೆಯ ಪ್ರಶ್ನೆಯನ್ನು ಅನೇಕ ಊರುಗಳ ಯೆಹೂದ್ಯ ಕುಟುಂಬಗಳು ಮತ್ತೆ ಕೇಳಿಕೊಂಡವು. ಗಾಜಾದಲ್ಲಿ ಬಾಂಬುಗಳು ಬೀಳುತ್ತಿದ್ದ ಅದೇ ತಿಂಗಳು ಬೆತ್ಲೆಹೇಮಿನ ಲೂಥರನ್ ಇಗರ್ಜಿಯವರು ಗೋದಲಿಯನ್ನು ಹುಲ್ಲಿನಿಂದ ಮಾಡದೆ ಒಡೆದ ಕಲ್ಲು ಕಾಂಕ್ರೀಟುಗಳ ರಾಶಿಯಿಂದ ಮಾಡಿದರು; ಶಿಶುವನ್ನು ಆ ರಾಶಿಯ ನಡುವೆ, ಪ್ಯಾಲೆಸ್ಟೀನಿಯರ ಚೌಕಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದರು. ಆ ವರ್ಷ ಊರ ಚೌಕದಲ್ಲಿ ಮರವನ್ನು ನಿಲ್ಲಿಸಲಿಲ್ಲ.